ಹಬೀಬಾ ಬಾಯಿ ಮಗಳನ್ನು ಓದಿಸಿದ್ದು

ಹಬೀಬಾ ಬಾಯಿಗೆ ಒಂದು ಕಿಲೋ ಬದನೆಕಾಯಿ ಕೊಳ್ಳಲು ನಾಲ್ಕು ಭಾಷೆ ಬೇಕಾಗುತ್ತಿತ್ತು. ಬೆಲೆ ಕೇಳುವುದು ಅರಬ್ಬಿಯಲ್ಲಿ. ಚೌಕಾಸಿ ಬೊಂಬಾಯಿ ಹಿಂದಿಯಲ್ಲಿ. ಅಂಗಡಿಯವನ ತಕ್ಕಡಿಯ ಬಗ್ಗೆ, ಅಗತ್ಯ ಬಿದ್ದರೆ ಅವನ ವಂಶದ ಬಗ್ಗೆ, ಪರ್ಷಿಯನ್ನಿನಲ್ಲಿ ಎರಡು ಮಾತು. ಕೊನೆಗೆ ಅವನು ಬೆವರು ಒರೆಸಿಕೊಂಡು ಇವರು ಹೇಳಿದ ಬೆಲೆಗೇ ಒಪ್ಪಿದ ಮೇಲೆ, ಕನ್ನಡಕ ಸರಿಮಾಡಿಕೊಂಡು, ಭಾರೀ ಗತ್ತಿನಲ್ಲಿ ಇಂಗ್ಲಿಷಿನ ‘ಥ್ಯಾಂಕ್ ಯೂ ಸೋ ಮಚ್’. ಅಷ್ಟು ಹೊತ್ತಿಗೆ ಹಿಂದೆ ನಿಂತ ಗಿರಾಕಿಗಳಿಗೆ ತಾವು ಏನು ಕೊಳ್ಳಲು ಬಂದದ್ದೆಂಬುದೇ ಮರೆತುಹೋಗಿರುತ್ತಿತ್ತು.

ನಾನು ಅವರನ್ನು ಮೊದಲು ನೋಡಿದ್ದೂ ಹಾಗೆಯೇ, ಮನಾಮಾದ ತರಕಾರಿ ಮಾರುಕಟ್ಟೆಯಲ್ಲಿ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮದುವೆಯಾಗಿ ಉಡುಪಿಯಿಂದ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಅಂಗಡಿಯವನು ಕೇಳಿದಷ್ಟು ದುಡ್ಡು ಕೊಟ್ಟು, ಕೊಟ್ಟಿದ್ದನ್ನು ಚೀಲಕ್ಕೆ ಹಾಕಿಸಿಕೊಂಡು ಹೊರಟಿದ್ದೆ. ಗಿಡ್ಡ, ದುಂಡು ಹೆಂಗಸೊಬ್ಬರು ಬಂದು ನನ್ನ ಚೀಲಕ್ಕೇ ಕೈ ಹಾಕಿದರು. ಮೊಣಕಾಲಿನ ಕೆಳಗಿನವರೆಗೆ ಹೂವಿನ ಫ್ರಾಕು, ತಲೆಗೆ ಬಿಗಿದು ಕಟ್ಟಿದ ವಸ್ತ್ರ, ಕಾಲಿಗೆ ಹವಾಯಿ ಚಪ್ಪಲಿ. ನನ್ನ ಟೊಮೆಟೊಗಳನ್ನು ಒಂದೊಂದಾಗಿ ಒತ್ತಿ ನೋಡಿ, ಕೊಳೆತದ್ದನ್ನೆಲ್ಲ ಅಂಗಡಿಯವನ ಮುಂದೆ ಸಾಲಾಗಿ ಇಟ್ಟು, ಅವನಿಗೆ ಹತ್ತು ನಿಮಿಷ ಪಾಠ ಹೇಳಿ, ಒಳ್ಳೆಯದನ್ನು ತುಂಬಿಸಿಕೊಟ್ಟರು. ‘ಬೇಟಿ, ಇಷ್ಟು ಸಾಧುವಾದರೆ ಈ ಊರಲ್ಲಿ ನಿನ್ನನ್ನೇ ಮಾರಿಬಿಡ್ತಾರೆ’ ಎಂದು ನನಗೂ ಎರಡು ಮಾತು ಅಂದರು. ಹಾಗೇ ಜೊತೆಗೆ ನಡೆಯುತ್ತ ಬಂದರು. ಯಾಕಪ್ಪಾ ಈಕೆ ನನ್ನ ಹಿಂದೆಯೇ ಬರುತ್ತಿದ್ದಾರೆ ಎಂದು ಹೆದರಿಕೆಯಾಗುವ ಹೊತ್ತಿಗೆ ಗೊತ್ತಾಯಿತು, ಅವರ ಮನೆ ಇದ್ದದ್ದು ನಮ್ಮದೇ ಕಟ್ಟಡದ ಕೆಳಮಹಡಿಯಲ್ಲಿ.

ಅವರ ಮಾತೆಲ್ಲ ಹಿಂದಿಯಲ್ಲಿ. ಅದನ್ನು ನನ್ನ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಸ್ವಾರಸ್ಯ ಕಡಿಮೆಯಾದರೆ ತಪ್ಪು ನನ್ನದು, ಅವರದಲ್ಲ.

ಹಬೀಬಾ ಎಂಬ ಹೆಸರು ಕೇಳಿ ನಾನು ಅವರನ್ನು ಮುಸ್ಲಿಮರೆಂದೇ ತಿಳಿದಿದ್ದೆ. ಅವರು ಯಹೂದಿಗಳು. ಹಿರಿಯರು ಯಾವ ಕಾಲದಲ್ಲೋ ಬಾಗ್ದಾದಿನಿಂದ ಬಂದು ಬಹರೈನಿನಲ್ಲಿ ನಿಂತವರು. ಹಬೀಬಾ ಬಾಯಿ ಮಾತ್ರ ಚಿಕ್ಕಂದಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಬೊಂಬಾಯಿಯಲ್ಲಿ ಓದಿದವರು, ಅದೂ ಅವರದೇ ಜನರ ಶಾಲೆಯಲ್ಲಿ. ಗಂಡ ಯಾಕೂಬ್ ಸೂಕಿನ, ಅಂದರೆ ಅಲ್ಲಿನ ಹಳೆಯ ಪೇಟೆಯ, ಒಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ಯಹೂದಿಗಳೆಂದರೆ ಭಾರೀ ದುಡ್ಡಿನವರು ಎಂದು ನಾನೂ ಎಲ್ಲೋ ಕೇಳಿದ್ದೆ. ಯಾಕೂಬರ ಕಾಲರು ತಿರುಗಿಸಿ ಹೊಲಿದ ಶರ್ಟು ನೋಡಿದ ಮೇಲೆ ಆ ಮಾತು ಬರೀ ಬೊಗಳೆ ಎಂದು ಗೊತ್ತಾಯಿತು. ಅವರಿಗೊಬ್ಬಳೇ ಮಗಳು, ಮಿರಿಯಂ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಹುಟ್ಟಿದವಳು.

ಹಬೀಬಾ ಬಾಯಿಗೆ ಒಂದು ಮುದ್ದಿನ ಮಾತಿತ್ತು, ‘ಫಿದ್ವಾ’. ನಿನಗಾಗಿ ಜೀವ ಕೊಟ್ಟೇನು ಎಂಬಂಥ ಬಾಗ್ದಾದಿನ ಮಾತು. ಮಗಳಿಗೆ ಫಿದ್ವಾ, ನನಗೆ ಫಿದ್ವಾ, ಹಾಲಿನವನಿಗೆ ಫಿದ್ವಾ, ಬೀಜವಿಲ್ಲದ ಬದನೆಕಾಯಿ ಸಿಕ್ಕರೆ ಅದಕ್ಕೂ ಫಿದ್ವಾ. ಗಂಡನಿಗೊಬ್ಬರಿಗೆ ಮಾತ್ರ ಹೇಳಿದ್ದು ನಾನು ಕೇಳಿಲ್ಲ. ಕೇಳಿದರೆ, ‘ಅವರಿಗಾಗಿ ದಿನಾ ಕೊಡ್ತಾ ಇದ್ದೇನಲ್ಲ ಜೀವ, ಬಾಯಲ್ಲಿ ಬೇರೆ ಹೇಳಬೇಕಾ?’ ಎನ್ನುತ್ತಿದ್ದರು.

ಮಾವ ತೀರಿಕೊಂಡ ಮೇಲೆ ನನ್ನ ಅತ್ತೆ ಬಂದು ನಮ್ಮ ಜೊತೆ ಇರತೊಡಗಿದರು. ಅತ್ತೆಗೆ ಹಿಂದಿ ಬಾರದು, ಹಬೀಬಾ ಬಾಯಿಗೆ ಕನ್ನಡ ಬಾರದು. ಆದರೂ ಮಧ್ಯಾಹ್ನ ಊಟವಾದದ್ದೇ ಇಬ್ಬರೂ ಕೂತು ಮಾತಾಡಲು ತೊಡಗಿದರೆ ನಾಲ್ಕು ಗಂಟೆಯ ಚಹಾದವರೆಗೆ ನಿಲ್ಲುತ್ತಿರಲಿಲ್ಲ. ನಮ್ಮ ಅತ್ತೆಯದು ಮಡಿಮೈಲಿಗೆಯ ಅಡಿಗೆಮನೆ. ಅನ್ನದ ಪಾತ್ರೆ ಮುಟ್ಟಿದ ಕೈ ಮುಸುರೆ, ಅದನ್ನು ತೊಳೆಯದೆ ಮೊಸರಿನ ಗಡಿಗೆ ಮುಟ್ಟುವಂತಿಲ್ಲ. ಹೊಸಕಾಲದ ನನಗೆ ಅದರಿಂದ ತಲೆ ಚಿಟ್ಟುಹಿಡಿದಿತ್ತು. ಒಂದು ದಿನ ಕೆಳಗಿನ ಮನೆಗೆ ಹೋಗಿ ಬಂದ ಅತ್ತೆಯ ಮುಖ ಅರಳಿತ್ತು.

‘ನೋಡಿದ್ಯಾ ವಸಂತಿ? ಅವಳ ಮನೇಲಿ ಹಾಲಿನ ಪಾತ್ರೆ ಬೇರೆ, ಮಾಂಸದ್ದು ಬೇರೆ. ತೊಳಿಯುವ ಜಾಗವೂ ಬೇರೆ ಬೇರೆ. ಒಂದಕ್ಕೊಂದು ತಾಗ್ಲಿಕ್ಕಿಲ್ಲ. ಮಾಂಸ ತಿನ್ನುವವರಿಗೇ ಅಷ್ಟು ಶುದ್ಧ ಉಂಟು, ನಿಂಗೆಂತ ಬಂದದ್ದು ಧಾಡಿ?’

ಅಂದಿನಿಂದ ನನಗೆ ಎರಡೂ ಕಡೆಯಿಂದ ಬೈಗುಳ. ಶುಕ್ರವಾರ ಸಂಜೆ ಹಬೀಬಾ ಬಾಯಿ ಗಾಜಿನ ಲೋಟದಲ್ಲಿ ನೀರು, ಅದರ ಮೇಲೆ ಎಣ್ಣೆ ಹಾಕಿ ಬತ್ತಿ ತೇಲಿಸಿ ದೀಪ ಹಚ್ಚುತ್ತಿದ್ದರು. ಹಚ್ಚಿದ ಮೇಲೆ ಶನಿವಾರ ಕತ್ತಲಾಗುವವರೆಗೆ ಒಲೆ ಇಲ್ಲ, ಕೆಲಸವಿಲ್ಲ, ವ್ಯವಹಾರದ ಮಾತಿಲ್ಲ. ಅತ್ತೆ ಆ ದೀಪ ನೋಡಲೆಂದೇ ಶುಕ್ರವಾರ ಇಳಿದು ಹೋಗುತ್ತಿದ್ದರು.

ಆಗ ಮನಾಮಾದಲ್ಲಿ ಯಹೂದಿಗಳ ಮನೆಗಳು ಬೆರಳಲ್ಲಿ ಎಣಿಸುವಷ್ಟು. ಗುರುಗಳಿಲ್ಲ, ಪಾಠಶಾಲೆ ಇಲ್ಲ. ಮಿರಿಯಂ ಹೋಗುತ್ತಿದ್ದುದು ಸಿಸ್ಟರುಗಳ ಕಾನ್ವೆಂಟಿಗೆ. ಹುಡುಗಿ ಜಾಣೆ, ಹಾಡು ಒಳ್ಳೆಯದು, ಉದ್ದ ಜಡೆ. ಅವಳ ಏಳನೆಯ ಕ್ಲಾಸಿನ ಕ್ರಿಸ್ಮಸ್ ನಾಟಕಕ್ಕೆ ಸಿಸ್ಟರುಗಳು ಪಾತ್ರ ಹಂಚಿದರು. ಮಿರಿಯಂಗೆ ಬಂದದ್ದು ಸಾಕ್ಷಾತ್ ಮೇರಿಯ ಪಾತ್ರ.

ಮೇಲುಮಹಡಿಯ ಸಿಸಿಲಿಗೆ ಸುದ್ದಿ ಮುಟ್ಟಿದಾಗ ನಾವೆಲ್ಲ ಮೆಟ್ಟಿಲಲ್ಲೇ ಇದ್ದೆವು. ಸಿಸಿಲಿ ಮಂಗಳೂರಿನ ಕಡೆಯ ಕಥೋಲಿಕ್ ಹೆಂಗಸು, ಆಸ್ಪತ್ರೆಯಲ್ಲಿ ನರ್ಸು. ‘ಎಂಥ ಭಾಗ್ಯ ಮಾರಾಯ್ತಿ! ನನ್ನ ಮಗಳಿಗೆ ಮೂರು ವರ್ಷದಿಂದ ಕುರಿಯ ಪಾತ್ರವೇ!’ ಎಂದಳು. ಹಬೀಬಾ ಬಾಯಿ ಹಣೆ ಹಣೆ ಬಡಿದುಕೊಂಡರು. ‘ನನ್ನ ಮಗಳು ಆ ಮಗುವನ್ನು ಎತ್ತಿಕೊಂಡು ನಿಲ್ಲಬೇಕಾ? ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ!’

ಯಾಕೂಬ್ ಮಾತು ಕಡಿಮೆಯ ಮನುಷ್ಯ. ಸಿಗರೇಟಿನ ಬೂದಿ ಕೊಡವಿ ನಿಧಾನವಾಗಿ ಹೇಳಿದರು: ‘ಯಾಕೆ ಕೂಗಾಡ್ತೀಯ? ಆ ತಾಯಿಯೂ ನಮ್ಮವಳೇ, ಆ ಮಗನೂ ನಮ್ಮವನೇ. ಆ ಶಾಲೆಯಲ್ಲಿ ಈ ಪಾತ್ರಕ್ಕೆ ಸರಿಯಾದ ಜಾತಿ ಇರುವುದು ನಮ್ಮ ಹುಡುಗಿಗೊಬ್ಬಳಿಗೇ.’

ಸಿಸಿಲಿ ಗೋಡೆ ಹಿಡಿದುಕೊಂಡಳು. ‘ಹಾಂ? ಮಾತೆ ಮರಿಯಮ್ಮ ಇವರ ಪೈಕಿಯಾ? ನಮ್ಮ ಫಾದರ್ ಒಂದು ದಿನವೂ ಹೇಳ್ಲಿಲ್ಲವಲ್ಲ!’

ನಾಟಕಕ್ಕೆ ನಾವೆಲ್ಲ ಹೋದೆವು. ಮಿರಿಯಂ ನೀಲಿ ಬಟ್ಟೆ ಹೊದ್ದು ಬಂದು ನಿಂತದ್ದೇ ತಡ, ಎಲ್ಲರಿಗಿಂತ ಮೊದಲು ಕಣ್ಣೊರೆಸಿಕೊಂಡವರು ಹಬೀಬಾ ಬಾಯಿಯೇ. ಆದರೆ ಮುಂದಿನ ಶುಕ್ರವಾರ ಅವರ ಎದೆ ಒಡೆಯಿತು. ಅಮ್ಮ ದೀಪ ಹಚ್ಚಿ ಕಣ್ಣು ಮುಚ್ಚಿ ಪ್ರಾರ್ಥಿಸಿ ಕಣ್ಣು ತೆರೆದರೆ, ಪಕ್ಕದಲ್ಲಿ ನಿಂತ ಮಗಳು ಅಭ್ಯಾಸಬಲದಿಂದ ಹಣೆಗೂ ಎದೆಗೂ ಎರಡು ಭುಜಕ್ಕೂ ಬೆರಳು ಮುಟ್ಟಿಸಿ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದಳು. ಅತ್ತೆ ಅಲ್ಲೇ ಇದ್ದರು. ‘ಮಕ್ಕಳಲ್ವಾ, ಬಿಡು’ ಎಂದರು. ಹಬೀಬಾ ಬಾಯಿ ಬಿಡಲಿಲ್ಲ.

ಮರುವಾರ ನನ್ನನ್ನು ಕೂರಿಸಿಕೊಂಡು ಹೇಳಿದರು: ‘ವಸಂತಿ, ಆ ಸಿಸ್ಟರುಗಳು ದೇವತೆಯಂಥವರು, ಅವರ ಮೇಲೆ ನನ್ನ ದೂರಿಲ್ಲ. ಆದರೆ ಇವಳಿಗೆ ತನ್ನ ಮನೆಯ ಪ್ರಾರ್ಥನೆ ಬರುವುದಿಲ್ಲ. ನಾನು ಸತ್ತರೆ ನನಗೊಂದು ದೀಪ ಹಚ್ಚುವುದು ಹೇಗೆ ಎಂದು ಗೊತ್ತಿಲ್ಲ. ಲಂಡನ್ನಿನಲ್ಲಿ ನಮ್ಮವರ ಶಾಲೆ ಇದೆ. ನನ್ನ ತಂಗಿ ಅಲ್ಲಿದ್ದಾಳೆ. ಅಲ್ಲಿಗೆ ಕಳಿಸ್ತೇನೆ.’

‘ಫೀಸು?’ ಎಂದೆ.

‘ಫೀಸು’ ಎಂದು ಅವರೂ ಅಂದರು. ಆಮೇಲೆ ಇಬ್ಬರೂ ಚಹಾ ಕುಡಿದೆವು.

ಯಾಕೂಬರ ಒಂದಿಡೀ ವರ್ಷದ ಸಂಬಳ ಕೊಟ್ಟರೂ ಆ ಶಾಲೆಯ ಫೀಸು, ಹಾಸ್ಟೆಲು ತುಂಬುತ್ತಿರಲಿಲ್ಲ. ನಾನು ಆ ಮಾತು ಅಲ್ಲಿಗೇ ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ. ಒಂದು ದಿನ ಹಬೀಬಾ ಬಾಯಿ ಮೆಟ್ಟಿಲಲ್ಲಿ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದರು, ‘ಲಂಡನ್ನಿನಿಂದ ಶಾಲೆಯ ದೊಡ್ಡವರೊಬ್ಬರು ಬೊಂಬಾಯಿಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿಯುತ್ತಾರಂತೆ. ಗುರುವಾರ ಸಂಜೆ ನಮ್ಮ ಮನೆ ನೋಡಲು ಬರುತ್ತಾರೆ.’ ಅಷ್ಟೇ ಹೇಳಿದ್ದು. ಯಾಕೆ ನೋಡಲು ಬರುತ್ತಾರೆ ಎಂದು ಹೇಳಲಿಲ್ಲ. ಅದನ್ನು ಹೇಳಲು ಅವರ ಬಿಗುಮಾನ ಬಿಡಲಿಲ್ಲ ಎಂದು ನನಗೆ ಆಮೇಲೆ ತಿಳಿದದ್ದು.

ನಮಗೋ, ಮನೆ ನೋಡಲು ಬರುತ್ತಾರೆ ಎಂದರೆ ಅರ್ಥ ಒಂದೇ. ಮನೆ ಚಂದ ಕಾಣಬೇಕು. ಸಿಸಿಲಿಯ ಎದುರು ಮನೆಯಲ್ಲಿ ಝುಬೈದಾ ಇದ್ದಳು, ಮಂಗಳೂರಿನ ಬ್ಯಾರಿ ಹೆಂಗಸು. ಅವಳ ಗಂಡ ಹಮೀದ್ ಹಿದ್ದ್ ಎಂಬ ಊರಿನ ಕಡೆ ಹಡಗು ರಿಪೇರಿ ಮಾಡುವಲ್ಲಿ ಫೋರ್‌ಮನ್. ಝುಬೈದಾ ಅನುಭವದ ಮಾತು ಹೇಳಿದಳು, ‘ನಮ್ಮ ಮಗನ ಎಲ್‌ಕೆಜಿ ಸೀಟಿಗೇ ಇವರು ಕೋಟು ಸಾಲ ತಗೊಂಡು ಹಾಕ್ಕೊಂಡು ಹೋದದ್ದು. ಇದು ಲಂಡನ್! ಆ ಪ್ಲಾಸ್ಟಿಕ್ ಕುರ್ಚಿ ನೋಡಿದ್ರೆ ಸೀಟು ಕೊಡ್ತಾರಾ?’

ಅತ್ತೆ ತೀರ್ಪು ಕೊಟ್ಟರು: ‘ಸಂಬಂಧ ನೋಡ್ಲಿಕ್ಕೆ ಬರುವವರೂ ಒಂದೇ, ಸ್ಕೂಲಿನವರೂ ಒಂದೇ. ನಮ್ಮಲ್ಲಿ ಇದ್ದದ್ದನ್ನೆಲ್ಲ ಇಳಿಸುವ.’

ಗುರುವಾರ ಮಧ್ಯಾಹ್ನ ಇಳಿಸಿದೆವು. ಝುಬೈದಾಳ ಮೆಜಂತಾ ಬಣ್ಣದ ಸೋಫಾ ಬಂತು, ಅದರ ಕೆಳಗೆ ಹಾಸುವ ಇರಾನಿ ಜಮಖಾನೆ ಬಂತು. ಸಿಸಿಲಿಯ ಹೊಸ ಕಲರ್ ಟೀವಿ ಬಂತು. ಅತ್ತೆ ತಮ್ಮ ಬೆಳ್ಳಿಯ ಜೋಡಿ ದೀಪದ ಕಂಬ, ಪನ್ನೀರುದಾನಿ, ತಟ್ಟೆ ಎಲ್ಲ ತಂದು ಜೋಡಿಸಿದರು. ನಾನೇನು ಕಡಿಮೆ? ನನ್ನ ಮದುವೆಯ ಗೋಡೆ ಗಡಿಯಾರ ತಂದು ನೇತುಹಾಕಿದೆ. ಹಬೀಬಾ ಬಾಯಿ ಹಿಂದಿನಿಂದ ‘ಬೇಡ ಬಾಬಾ, ಬೇಡ’ ಎನ್ನುತ್ತಲೇ ಇದ್ದರು. ನಮ್ಮ ಕಡೆ ಎಲೆಯ ಮುಂದೆ ಕೂತವರು ಬೇಡ ಎಂದರೆ ಇನ್ನೊಂದು ಸೌಟು ಬಡಿಸು ಎಂದು. ನಾವು ಅದೇ ಲೆಕ್ಕದಲ್ಲಿ ಇನ್ನೆರಡು ಹೂದಾನಿ ತಂದಿಟ್ಟೆವು. ಅಂಗಡಿಯಿಂದ ಬಂದ ಯಾಕೂಬ್ ಬಾಗಿಲು ತೆರೆದು, ಒಳಗೆ ನೋಡಿ, ‘ಸಾರಿ’ ಎಂದು ಬಾಗಿಲು ಮುಚ್ಚಿ ಹೊರಗೆ ಹೋದರು. ಕೈ ಹಿಡಿದು ಕರೆತರಬೇಕಾಯಿತು.

ಲಂಡನ್ನಿನವರು ಬಂದರು. ಸಪೂರ ಮನುಷ್ಯ, ಬೋಳುತಲೆಯ ಮೇಲೆ ಪುಟ್ಟ ಟೊಪ್ಪಿ, ಮೃದು ಮಾತು. ಸಹಾಯಕ್ಕೆಂದು ನಿಂತ ನಾನು ಅಡಿಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಅವರು ಸೋಫಾದಲ್ಲಿ ಕೂತು, ಟೀವಿ ನೋಡಿ, ಜಮಖಾನೆ ನೋಡಿ, ದೀಪದ ಕಂಬ ನೋಡಿ ಇಂಗ್ಲಿಷಿನಲ್ಲಿ ಹೇಳಿದ್ದು ನನ್ನ ಕಿವಿಗೆ ಬಿತ್ತು.

‘ಬಹಳ ಸುಂದರವಾದ ಮನೆ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಕ್ಷಮಿಸಿ. ಫೀಸು ರಿಯಾಯಿತಿಗೆ ಬರೆದವರ ಮನೆ ಹೀಗಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ನಮ್ಮಲ್ಲಿ ಬಸ್ ಓಡಿಸುವವರ, ಬಟ್ಟೆ ಹೊಲಿಯುವವರ ಮಕ್ಕಳೂ ಅರ್ಜಿ ಹಾಕಿದ್ದಾರೆ. ಕೊಡಲು ಇರುವುದು ಸ್ವಲ್ಪವೇ. ಅವರದನ್ನು ತೆಗೆದು ನಿಮಗೆ ಹೇಗೆ ಕೊಡಲಿ?’

ಅಯ್ಯೋ ನಮ್ಮ ಕರ್ಮವೇ! ಈ ಮನುಷ್ಯ ಬಂದದ್ದು ಇವರು ಬಡವರು ಹೌದೋ ಅಲ್ಲವೋ ಎಂದು ನೋಡಲು! ಇಣುಕಿ ನೋಡಿದೆ. ಯಾಕೂಬ್ ತಮ್ಮ ಬೂಟು ನೋಡುತ್ತಿದ್ದರು. ಮಿರಿಯಂ ಅಮ್ಮನ ಮುಖ ನೋಡುತ್ತಿದ್ದಳು. ಹಬೀಬಾ ಬಾಯಿಯ ನಾಲ್ಕು ಭಾಷೆಯೂ ಒಟ್ಟಿಗೇ ಕೈಕೊಟ್ಟಿದ್ದವು. ಇದು ಯಾವುದೂ ನನ್ನದಲ್ಲ ಎಂದು ಹೇಳಿದರೆ, ಬಂದವರ ಕಣ್ಣು ಕಟ್ಟಲು ಸಾಲ ತಂದು ಅಲಂಕಾರ ಮಾಡಿದ ಹಾಗಾಯಿತು. ಹೇಳದಿದ್ದರೆ ಮಗಳ ಶಾಲೆ ಹೋಯಿತು.

ನಾನು ಸೋಸುವುದನ್ನು ಅಲ್ಲಿಗೇ ಬಿಟ್ಟು ಹಿಂಬಾಗಿಲಿನಿಂದ ಮೇಲೆ ಓಡಿದೆ.

‘ಅತ್ತೆ, ಏಳಿ, ಕೆಳಗೆ ಹೋಗಿ ನಿಮ್ಮ ದೀಪದ ಕಂಬ ವಾಪಸ್ ತನ್ನಿ. ಈಗಲೇ. ಅವರೆದುರೇ.’

‘ನಿಂಗೆಂತ ಮರ್ಲಾ?’ ಎಂದರು ಅತ್ತೆ. ‘ಬಂದವರೆದುರು ಕೊಟ್ಟದ್ದನ್ನು ಕಸಿದುಕೊಂಡು ಬರುದಾ?’

ವಿಷಯ ಹೇಳಿದೆ. ಅತ್ತೆ ಎದೆ ಮೇಲೆ ಕೈಯಿಟ್ಟುಕೊಂಡರು. ‘ಅಯ್ಯೋ ದೇವರೇ, ಅವ ಬಡವರಾ ಅಂತ ನೋಡ್ಲಿಕ್ಕೆ ಬಂದದ್ದಾ! ನಾವೇ ಆ ಹುಡುಗಿಯ ಅನ್ನಕ್ಕೆ ಕಲ್ಲು ಹಾಕಿದ್ದಲ್ವಾ!’ ಎಂದು ಮೊಣಕಾಲು ನೋವನ್ನೂ ಮರೆತು ಇಳಿದೇಬಿಟ್ಟರು. ನಾನು ಇನ್ನೊಂದು ಮಹಡಿ ಹತ್ತಿದೆ.

ಸಿಸಿಲಿ ಸುತರಾಂ ಒಪ್ಪಲಿಲ್ಲ. ‘ಛೀ, ಛೀ! ನಮ್ಮ ಮರ್ಯಾದೆ ಎಂತ ಆಗ್ಬೇಕು? ಟೀವಿ ಅಲ್ಲೇ ಕೊಳೀಲಿ, ನಾನು ಹೋಗುದಿಲ್ಲ.’ ಝುಬೈದಾ ಬಂದವಳು ಅವಳ ರಟ್ಟೆ ಹಿಡಿದಳು. ‘ಮರ್ಯಾದೆ ನಾಳೆ ಮಾಡುವ ಸಿಸಿಲಿ, ಈಗ ಬಾ.’ ಹಮೀದ್ ಆಗಷ್ಟೇ ಡ್ಯೂಟಿಯಿಂದ ಬಂದಿದ್ದ, ಜೊತೆಗೆ ಕೆಲಸದ ಇಬ್ಬರು ಗೆಳೆಯರೂ ಇದ್ದರು. ಎಲ್ಲರೂ ಸೇರಿ ದಿಬ್ಬಣದ ಹಾಗೆ ಇಳಿದೆವು.

ಕೆಳಗೆ ಅತ್ತೆಯ ನಾಟಕ ಆಗಲೇ ಶುರುವಾಗಿತ್ತು. ಒಂದೊಂದು ಕೈಯಲ್ಲಿ ಒಂದೊಂದು ದೀಪದ ಕಂಬ. ‘ಮೂರ್ಸಂಜೆ ಆಯ್ತು, ನಮ್ಮ ದೇವರೆದುರು ಕತ್ತಲೆ! ಇದು ನಮ್ದು. ಇದೂ ನಮ್ದು. ವಸಂತಿ, ಇಂಗ್ಲಿಷಲ್ಲಿ ಹೇಳು ಅವರಿಗೆ, ಈ ತಟ್ಟೆಯೂ ನಮ್ದು ಅಂತ.’

ನಾನು ಹೇಳಿದೆ. ಹಬೀಬಾ ಬಾಯಿಯ ಮುಖ ಕೆಂಪಾಯಿತು. ಅಂಥ ನೋಟ ಅವರು ಕೊಳೆತ ಟೊಮೆಟೊ ಮಾರಿದವನ ಮೇಲೂ ಬೀರಿದ್ದಿಲ್ಲ. ಅಷ್ಟರಲ್ಲಿ ಸಿಸಿಲಿ ನೆಲ ನೋಡುತ್ತ ಬಂದು, ‘ನನ್ನ ಗಂಡ ಪಿಕ್ಚರ್ ಕ್ಯಾಸೆಟ್ ತಂದಿದ್ದಾರೆ, ಇವತ್ತೇ ವಾಪಸ್ ಕೊಡ್ಬೇಕಂತೆ’ ಎಂದು ಯಾರಿಗೂ ಕೇಳಿಸದ ಹಾಗೆ ಹೇಳಿ ಟೀವಿಯ ವೈರು ಎಳೆದಳು. ಹಮೀದ್ ಕೈಮುಗಿದು ನಿಂತ. ‘ಎಕ್ಸ್‌ಕ್ಯೂಸ್ ಮಿ ಸರ್. ಸೋಫಾ.’

ಲಂಡನ್ನಿನವರು ಎದ್ದು ನಿಂತರು. ಸೋಫಾ ಹೊರಗೆ ಹೋಯಿತು. ಜಮಖಾನೆ ಸುತ್ತಲು ಬಂದಾಗ ಅವರಾಗಿಯೇ ಒಂದು ಕಾಲೆತ್ತಿ, ಆಮೇಲೆ ಇನ್ನೊಂದು ಕಾಲೆತ್ತಿ ಜಾಗ ಬಿಟ್ಟರು. ನಾನು ಗೋಡೆಯಿಂದ ಗಡಿಯಾರ ಇಳಿಸಿದೆ. ನಮ್ಮ ಹಮೀದನಿಗೆ ಯಾವ ಕೆಲಸಕ್ಕೂ ಉತ್ಸಾಹ ಜಾಸ್ತಿ. ಮೂಲೆಗೆ ತಳ್ಳಿಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಯನ್ನೂ ಎತ್ತಿಕೊಂಡು ಹೊರಟ.

‘ಏಯ್, ಅದು ನಮ್ಮದು!’ ಎಂದು ಯಾಕೂಬ್ ಕೂಗಿದರು. ಆ ಮನುಷ್ಯ ದನಿಯೆತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

‘ಇದು ನಿಮ್ಮದು?’ ಎಂದು ಲಂಡನ್ನಿನವರು ಕೇಳಿದರು.

‘ಹೌದು. ಇದು ನಮ್ಮದು.’

‘ಹಾಗಾದರೆ ಇದರಲ್ಲಿ ಕೂರುತ್ತೇನೆ’ ಎಂದು ಕುರ್ಚಿ ಎಳೆದುಕೊಂಡು ಕೂತರು. ಬರಿದಾದ ಕೋಣೆಯನ್ನು ಒಂದು ಸುತ್ತು ನೋಡಿದರು. ಅವರ ಭುಜ ಕುಲುಕತೊಡಗಿತು. ಎಲ್ಲರೂ ಹೆದರಿದೆವು. ನೋಡಿದರೆ, ಮನುಷ್ಯ ನಗುತ್ತಿದ್ದಾರೆ! ನಕ್ಕೂ ನಕ್ಕೂ ಟೊಪ್ಪಿ ಜಾರಿತು, ಮಿರಿಯಂ ಎತ್ತಿಕೊಟ್ಟಳು. ‘ಈಗ ಹೇಳು ಮಗೂ, ಯಾಕೆ ನಮ್ಮ ಶಾಲೆಗೆ ಬರಬೇಕು ನೀನು?’ ಎಂದು ಕೇಳಿದರು. ಮಿರಿಯಂ, ‘ಶುಕ್ರವಾರ ಅಮ್ಮ ಏನು ಹೇಳ್ತಾಳೆ ಅಂತ ನನಗೂ ಅರ್ಥ ಆಗಬೇಕು’ ಎಂದಳು. ಸುಳ್ಳಲ್ಲ, ನನಗೆ ಅಳುವೇ ಬಂತು.

ಅವರು ಹೋದ ಮೇಲೆ ನಾನು ಎಲ್ಲ ಬಿಡಿಸಿ ಹೇಳಿದೆ. ಹಬೀಬಾ ಬಾಯಿ ಅತ್ತೆಯ ಕುತ್ತಿಗೆಗೆ ಬಿದ್ದರು. ಮಡಿಯಲ್ಲಿದ್ದ ಅತ್ತೆ ತಪ್ಪಿಸಿಕೊಳ್ಳಲಿಲ್ಲ.

‘ಮಾಜಿ, ನಾನು ಮನಸ್ಸಿನಲ್ಲೇ ನಿಮ್ಮನ್ನು ಬೈದುಬಿಟ್ಟೆ.’

‘ಯಾವ ಭಾಷೇಲಿ ಬೈದದ್ದು ಅಂತ ಕೇಳು’ ಎಂದು ಅತ್ತೆ ನನಗೆ ಹೇಳಿದರು.

‘ನಾಲ್ಕರಲ್ಲೂ’ ಎಂದರು ಹಬೀಬಾ ಬಾಯಿ.

ರಿಯಾಯಿತಿ ಸಿಕ್ಕಿತು. ಅರ್ಧಕ್ಕಿಂತ ಹೆಚ್ಚೇ ಬಿಟ್ಟರು. ಉಳಿದದ್ದೂ ಸಣ್ಣದೇನಲ್ಲ. ಹಬೀಬಾ ಬಾಯಿ ಸೂಕಿನ ಅಂಗಡಿಗಳಿಂದ ಬಟ್ಟೆ ತಂದು ಪರದೆ, ದಿಂಬಿನ ಚೀಲ ಹೊಲಿಯತೊಡಗಿದರು. ಯಾಕೂಬರ ಸಿಗರೇಟು ನಿಲ್ಲಿಸಿದರು. ‘ಅವರ ಎದೆಗೂ ಒಳ್ಳೆಯದು, ಮಿರಿಯಂಗೆ ಪುಸ್ತಕವೂ ಬಂತು’ ಎನ್ನುತ್ತಿದ್ದರು. ಬಹರೈನಿನ ಬೇಸಿಗೆಯಲ್ಲಿ ಎಸಿ ಹಾಕದೆ ಬದುಕುವುದೆಂದರೆ ಏನೆಂದು ಅಲ್ಲಿದ್ದವರಿಗೇ ಗೊತ್ತು. ಇವರು ಹಾಕುತ್ತಿರಲಿಲ್ಲ. ಸೆಖೆ ತಡೆಯದಾದಾಗ ಹೊಲಿಗೆಯ ಗಂಟು ಹೊತ್ತುಕೊಂಡು ನಮ್ಮ ಮನೆಗೆ ಬರುವರು. ‘ನಿನ್ನ ಅತ್ತೆಯನ್ನು ನೋಡಿ ಹೋಗೋಣ ಅಂತ ಬಂದೆ’ ಎಂದು ಎಸಿಯ ಎದುರಿನ ಕುರ್ಚಿಯಲ್ಲೇ ಕೂರುವರು. ಸೆಪ್ಟೆಂಬರಿನಲ್ಲಿ ಮಿರಿಯಂ ವಿಮಾನ ಹತ್ತಿದಳು. ವಿಮಾನ ನಿಲ್ದಾಣದಲ್ಲಿ ಹಬೀಬಾ ಬಾಯಿ ಅಳಲಿಲ್ಲ, ಪೆಟ್ಟಿಗೆ ಎತ್ತಿದ ಪೋರ್ಟರಿಗೆ ಬೈದರು. ಮನೆಗೆ ಬಂದ ಮೇಲೆ ಎರಡು ದಿನ ಬಾಗಿಲು ತೆರೆಯಲಿಲ್ಲ.

ಏಪ್ರಿಲಿನಲ್ಲಿ ಅವರ ಪಾಸೋವರ್ ಹಬ್ಬ. ರಜೆಗೆ ಮಗಳು ಬರುವವಳಿದ್ದಳು. ಆ ಎಂಟು ದಿನ ಅವರು ಹುದುಗು ಬಂದ ಯಾವುದನ್ನೂ ತಿನ್ನುವುದಿಲ್ಲ, ಬ್ರೆಡ್ಡು ಮನೆಯಲ್ಲೂ ಇರುವಂತಿಲ್ಲ. ಬಾಗ್ದಾದಿನ ಕಡೆಯವರಿಗೆ ಅನ್ನ ಆಗುತ್ತದೆ. ಆದರೆ ಅಕ್ಕಿಯಲ್ಲಿ ಒಂದೇ ಒಂದು ಗೋದಿಕಾಳು ಸೇರಿರಬಾರದು. ಅದಕ್ಕಾಗಿ ಬಿಳಿ ಬಟ್ಟೆಯ ಮೇಲೆ ಅಕ್ಕಿ ಹರವಿ, ಒಂದೊಂದೇ ಕಾಳು ನೋಡಿ, ಮತ್ತೆ ಮತ್ತೆ ಆರಿಸಬೇಕು. ಹಬೀಬಾ ಬಾಯಿಯ ಕಣ್ಣು ಹೊಲಿಗೆಯಿಂದ ಸೋತಿತ್ತು. ಅತ್ತೆ ಜೊತೆಗೆ ಕೂತರು. ‘ಅಕ್ಕಿ ಹೆಕ್ಕುದು ನಂಗೆ ಹೇಳಿಕೊಡ್ಬೇಕಾ?’ ಎಂದು ಇಡೀ ವಾರ ಮಧ್ಯಾಹ್ನವೆಲ್ಲ ಇಬ್ಬರೂ ತಲೆಗೆ ತಲೆ ತಾಗಿಸಿ ಅಕ್ಕಿ ಹೆಕ್ಕಿದರು. ಒಂದು ಗೋದಿಕಾಳು ಸಿಕ್ಕ ದಿನ ಅತ್ತೆ ಕಳ್ಳನನ್ನು ಹಿಡಿದವರ ಹಾಗೆ ಅದನ್ನು ಕಟ್ಟಡಕ್ಕೆಲ್ಲ ತೋರಿಸಿ ಬಂದರು.

ಮಿರಿಯಂ ಬಂದಳು. ಉದ್ದವಾಗಿದ್ದಳು. ಹೀಬ್ರೂ ಪುಸ್ತಕವನ್ನು ನೀರು ಕುಡಿದಂತೆ ಓದುತ್ತಿದ್ದಳು. ಹಬ್ಬದ ಒಂದು ಮಧ್ಯಾಹ್ನ ನಾನೂ ಅತ್ತೆಯೂ ಅವರಲ್ಲಿದ್ದೆವು. ಹಬೀಬಾ ಬಾಯಿ ದೊಡ್ಡ ಪಾತ್ರೆಯಿಂದ ಬಿಸಿ ಅನ್ನ ಮಗಳ ತಟ್ಟೆಗೆ ಹಾಕಿದರು. ಮಿರಿಯಂ ಅದಕ್ಕೆ ಕೈ ಹಾಕಲಿಲ್ಲ.

‘ಮಮ್ಮಾ, ಹಾಸ್ಟೆಲಿನವರೆಲ್ಲ ಯುರೋಪಿನ ಕಡೆಯವರು, ಈ ಎಂಟು ದಿನ ಅನ್ನವನ್ನೂ ಮುಟ್ಟುವುದಿಲ್ಲ. ಬಾಗ್ದಾದಿನವರು ತಿನ್ನಬಹುದು ಅಂತ ಟೀಚರ್ ಹೇಳಿದರು. ಆದರೂ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಸಿಟ್ಟು ಮಾಡಬೇಡ.’ ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು.

ಅತ್ತೆಗೆ ಅರ್ಥವಾಯಿತು. ‘ಅಮ್ಮ ಒಂದು ವಾರ ಹೆಕ್ಕಿದ ಅಕ್ಕಿ ಮಗಾ’ ಎಂದರು, ಮೆಲ್ಲಗೆ. ನನಗೆ ಹುಡುಗಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದ್ದು ಕೆನ್ನೆಗೆರಡು ಬಿಗಿಯೋಣ ಅನಿಸಿತು. ಹಬೀಬಾ ಬಾಯಿ ಸೌಟನ್ನು ಪಾತ್ರೆಗೆ ಮರಳಿ ಇಟ್ಟರು. ಆಮೇಲೆ ಜೋರಾಗಿ ನಕ್ಕರು.

‘ಕೇಳಿದಿರಾ ಮಾಜಿ? ಫೀಸು ದಂಡ ಆಗಲಿಲ್ಲ! ಚೆನ್ನಾಗಿ ಕಲಿಸಿದ್ದಾರೆ!’

ಮಗಳ ತಟ್ಟೆಯ ಅನ್ನ ತಮ್ಮ ತಟ್ಟೆಗೆ ಸುರುವಿಕೊಂಡು ಆಲೂಗೆಡ್ಡೆ ಬೇಯಿಸಲು ಒಳಗೆ ಹೋದರು. ನಾನು ಹಿಂದೆಯೇ ಹೋದೆ. ಸಿಪ್ಪೆ ತೆಗೆಯುತ್ತಿದ್ದರು, ಕನ್ನಡಕ ಪೂರ್ತಿ ಮಂಜಾಗಿತ್ತು. ‘ಏನೂ ಹೇಳಬೇಡ ವಸಂತಿ’ ಎಂದರು. ನಾನು ಇನ್ನೊಂದು ಚಾಕು ತೆಗೆದುಕೊಂಡೆ.

ಮರುವರ್ಷ ಯಾಕೂಬರ ಧಣಿ ಅಂಗಡಿ ಮಾರಿದರು. ಲಂಡನ್ನಿನ ತಂಗಿ ಬನ್ನಿ ಎಂದು ಕರೆಸಿಕೊಂಡಳು. ಹೊರಡುವ ದಿನ ಹಬೀಬಾ ಬಾಯಿ ಒಬ್ಬೊಬ್ಬರ ಬಾಗಿಲಿಗೂ ಹತ್ತಿ ಹೋಗಿ ಬಂದರು. ನಮ್ಮ ಮನೆಯಲ್ಲಿ ಕೂತು ಚಹಾ ಕುಡಿದರು. ಹಬ್ಬದ ಆ ಮಧ್ಯಾಹ್ನದ ಸಿಟ್ಟು ನನಗೆ ಇನ್ನೂ ಇಳಿದಿರಲಿಲ್ಲ. ತಡೆಯಲಾರದೆ ಕೇಳಿಯೇಬಿಟ್ಟೆ: ‘ಅಲ್ಲಿ ಹೋದ ಮೇಲೆ ಹಬ್ಬದಲ್ಲಿ ನೀವು ಅನ್ನ ಬಿಟ್ಟುಬಿಡುತ್ತೀರಾ?’

‘ಬಿಡದೆ? ಅವಳ ಜೊತೆ ಕೂತು ಆಲೂಗೆಡ್ಡೆ ತಿನ್ನುತ್ತೇನೆ’ ಎಂದರು. ‘ಬೇರೆ ಬೇರೆ ತಟ್ಟೆಯಲ್ಲಿ ಬೇರೆ ಬೇರೆ ಊಟ ಮಾಡಲಿಕ್ಕಾ ನಾನು ಅವಳನ್ನು ಓದಿಸಿದ್ದು? ಅವಳಿಗೆ ನನ್ನದು ಬಾರದಿದ್ದರೆ ನಾನು ಅವಳದು ಕಲಿಯುತ್ತೇನೆ. ಫೀಸು ಒಬ್ಬಳದು, ಕಲಿಯುವವರು ಇಬ್ಬರು. ಇಷ್ಟು ಸೋವಿಯ ಶಾಲೆ ಎಲ್ಲಿ ಸಿಗುತ್ತದೆ, ನೀನೇ ಹೇಳು?’

ಅತ್ತೆ ಎದ್ದು ಬಂದು ಅವರ ಎರಡೂ ಕೈಗಳನ್ನು ಹಿಡಿದುಕೊಂಡರು. ಕೆಳಗೆ ಟ್ಯಾಕ್ಸಿಯವನು ಮೂರು ಸಲ ಹಾರ್ನ್ ಹೊಡೆದರೂ ಬಿಡಲಿಲ್ಲ.